ಅವ್ವನ ಕರೀದು, ನರ್ಸಬಾಯಿಯ ಅಳತಿ

ಹೊಟ್ಟಿಕಿಚ್ಚು ಅಂದ್ರ ಏನಂತ ನನ್ನ ಕೇಳ್ರಿ, ಹೇಳ್ತೇನಿ. ಮಂದಿಗೆ ಅಣ್ಣತಮ್ಮರ ಮ್ಯಾಲ ಬರತೈತಿ, ಬಾಜೂ ಮನಿಯವರ ಮ್ಯಾಲ ಬರತೈತಿ. ನನಗ ಬಂದದ್ದು ಒಬ್ಬಾಕಿ ನರ್ಸಬಾಯಿ ಮ್ಯಾಲ. ಅದೂ ಯಾಕ? ಆಕಿ ನನ್ನ ಅವ್ವನ ಜೀವಾ ಉಳಸಾಕತ್ತಿದ್ಲು, ಅದಕ್ಕ. ಕೇಳಿದವ್ರು ನಗಬಹುದು. ನಗ್ರಿ. ನನ್ನ ಹೇಣ್ತಿ ಅಂತೂ ಆವಾಗೇ ನಕ್ಕು ಮುಗಿಸ್ಯಾಳ.

ನಾ ಆವಾಗ ಇಂಡಿ ಸರ್ಕಾರಿ ದವಾಖಾನ್ಯಾಗ ಕಂಪೌಂಡರ್. ನಮ್ಮ ಜಿಲ್ಲಾ ಮುಂಬೈ ಸರ್ಕಾರದ ಕೈಯಿಂದ ಮೈಸೂರ ಸರ್ಕಾರದ ಕೈಗೆ ಬಂದು ಒಂದೆರಡು ವರ್ಷ ಆಗಿದ್ದವು. ಡಾಕ್ಟರ್ ಸಾಹೇಬ್ರು ಚೀಟಿ ಬರದು ಕೊಟ್ರ ಔಷಧ ಕೂಡಿಸಿ ಕೊಡಾಂವ ನಾನು. ಮಂದಿ ಮನಿಯಿಂದ ಬಾಟ್ಲಿ ತರತಿದ್ರು. ಅದನ್ನ ತೊಳದು, ಔಷಧ ತುಂಬಿ, ಕಾಗದದ ಪಟ್ಟಿಗೆ ಕತ್ತರಿಲೆ ಕಚ್ಚು ಹಾಕಿ ಬಾಟ್ಲಿಗೆ ಅಂಟಸತಿದ್ದೆ. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಓದಾಕ ಬರದವ್ರಿಗೂ ತಿಳೀತಿತ್ತು. ಹಳ್ಳಿ ಮಂದಿ ನನಗೂ ‘ಡಾಕ್ಟರ್ ಸಾಹೇಬ್ರ’ ಅಂತಿದ್ರು, ನಾ ಬ್ಯಾಡ ಅಂತಿದ್ದಿಲ್ಲ. ಅಳತಿ ತಪ್ಪದ ಕೈ ಅಂತ ನನ್ನ ಹೆಸರಾಗಿತ್ತು.

ಹಂತಾ ಕೈಯಿಂದ ನನ್ನ ಹಡದವ್ವ ಒಂದು ದಿನ ಒಂದು ಗುಳಿಗಿ ತಗೊಳ್ಳಲಿಲ್ಲ. ಜ್ವರ ಬರಲಿ, ಕೆಮ್ಮು ಬರಲಿ, “ಇಡೋ ಅಲ್ಲೆ, ಆಮ್ಯಾಲ ತಗೋತೇನಿ” ಅಂತಿದ್ಲು. ಎರಡು ದಿನ ಬಿಟ್ಟು ನೋಡಿದ್ರ ಗುಳಿಗಿ ಗೂಟದ ಮ್ಯಾಲಿನ ಗೋಡಿ ಮಾಡದಾಗ ಹಂಗೇ ಇರತಿತ್ತು. ಊರಿಗೆಲ್ಲಾ ಬೇಕಾದ ಕೈ ಮನ್ಯಾಗ ಬ್ಯಾಡಾಗಿತ್ತು.

ಅವ್ವ ಅಫೀಮು ತಿಂತಿದ್ಲು. ಇದನ್ನ ಹಿಂಗ ಬಾಯಿ ಬಿಟ್ಟು ಹೇಳಾಕ ನನಗ ಇಷ್ಟು ವಯಸ್ಸಾಗಬೇಕಾತು. ನಮ್ಮ ಮನ್ಯಾಗ ಯಾರೂ ಅದರ ಹೆಸರು ತಗೋತಿದ್ದಿಲ್ಲ, ‘ಕರೀದು’ ಅಂತಿದ್ವಿ. ಮುಂಜಾನಿ ಒಂದು, ಸಂಜಿಗೊಂದು, ಕಡ್ಲಿಕಾಳಿನಷ್ಟು. ರೂಢಿ ಬಿದ್ದವ್ರಿಗೆ ಸರ್ಕಾರದ ಅಂಗಡ್ಯಾಗ ಚೀಟಿ ಮ್ಯಾಲ ಕೊಡತಿದ್ರು, ಅವ್ವಗೂ ಚೀಟಿ ಇತ್ತು. ನಾ ಕಣ್ಣ ತೆರದಾಗಿಂದ ನೋಡಿದ್ದು ಹಿಂಗೇ. ಅವ್ವ ಅಂದ್ರ ಸೆರಗಿನ ತುದಿಗೆ ಒಂದು ಗಂಟು, ಗಂಟಿನ್ಯಾಗ ಕರೀದು.

ಬಿಡಸಾಕ ನಾ ಏನ ಮಾಡಲಿಲ್ಲ ಹೇಳ್ರಿ? ಬೈದೆ. ಡಬ್ಬಿ ಕಸಗೊಂಡು ತಿಪ್ಪಿಗೆ ಒಗದೆ. ಅವ್ವ ತಿಪ್ಪಿ ಕೆದರಿ ತಂದ್ಲು. ಓಣಿ ಮಂದಿ ಮುಂದ ಮರ್ಯಾದಿ ತಗದೆ. ಲಚ್ಯಾಣದ ಮಠಕ್ಕ ಕರಕೊಂಡು ಹೋಗಿ ಆಣಿ ಮಾಡಿಸಿದೆ. ಟೇಶನ್ನಿಗೆ ಬಂದು ರೈಲು ಹತ್ತೂದ್ರೊಳಗ ಗಂಟು ಬಿಚ್ಚಿ ಬಾಯಾಗ ಹಾಕ್ಕೊಂಡಿದ್ಲು. “ಈಗ ಆಣಿ ಮಾಡಿದಿಯಲ್ಲಬೇ?” ಅಂದ್ರ, “ನೀ ಮಾಡು ಅಂದಿ, ಮಾಡಿದೆ” ಅಂದ್ಲು. ಇಂಥಾಕಿಗೆ ಏನ ಹೇಳ್ತೀರಿ!

ಹಂಗ ನಡಕೊಂಡು ಹೊಂಟಿತ್ತು. ಅಷ್ಟರಾಗ ಆ ಅಂಗಡಿ ಇನ್ನ ಬಂದ್ ಆಗತೈತಿ, ಚೀಟಿ ಮ್ಯಾಲೂ ಸಿಗಂಗಿಲ್ಲ ಅಂತ ಸುದ್ದಿ ಬಂತು. ಹುಡುಗಾಟದ ಮಾತಲ್ಲ ಅದು. ನಮ್ಮೂರು ತಾಂಬಾ, ಅಲ್ಲೆ ಒಬ್ಬ ಮುದುಕಗ ಇದೇ ಚಟಾ ಇತ್ತು. ಅವನ ಮಕ್ಕಳು ಒಮ್ಮಿಗೇ ಬಿಡಿಸಿಬಿಟ್ರು. ವಾಂತಿ, ಭೇದಿ, ಕೈಕಾಲು ಸೆಳತ. ಒಂಬತ್ತನೇ ದಿನಕ್ಕ ಮುದುಕ ಹೋಗಿಬಿಟ್ಟ. ಅವ್ವಂದು ಅವನ ವಾರಗಿ ವಯಸ್ಸು, ಮೈಯಾಗ ಅವನಷ್ಟೂ ಕಸುವಿಲ್ಲ. ಅಂಗಡಿ ಬಾಗಿಲು ಮುಚ್ಚೂದ್ರೊಳಗ ಬಿಡಸಲಿಲ್ಲಂದ್ರ ಅವ್ವನ್ನ ಕಳಕೋಬೇಕಾಗಿತ್ತು.

ಆ ವರ್ಷಾನ ನಮ್ಮ ದವಾಖಾನಿಗೆ ಹೊಸಾ ನರ್ಸಬಾಯಿ ಬಂದ್ಲು. ಬಸವನ ಬಾಗೇವಾಡಿ ಕಡ್ಯಾಕಿ. ಸಣ್ಣಾಕಿದ್ದಾಗ ಲಗ್ನಾಗಿ, ಸಣ್ಣಾಕಿದ್ದಾಗೇ ಗಂಡನ್ನ ಕಳಕೊಂಡು, ಅಣ್ಣ ಹಟಾ ಹಿಡದು ಕಲಿಸಿದ್ದಕ್ಕ ನರ್ಸ ಆಗಿದ್ಲು. ಇಪ್ಪತ್ತೈದು ವರ್ಷ ಇದ್ದೀತು. ದನಿ ಸಣ್ಣದು, ನಡಿಗಿ ಜೋರು. ಡಾಕ್ಟರ್ ಸಾಹೇಬ್ರು ಅವ್ವನ್ನ ನೋಡಿ, “ಒಮ್ಮಿಗೇ ಬಿಡಿಸಿದ್ರ ಈ ಜೀವ ತಡಿಯಂಗಿಲ್ಲ. ಇಳಿಸ್ಕೋತ ಇಳಿಸ್ಕೋತ ಬರಬೇಕು. ಬಾಯಾರ, ನೀವ ನೋಡಿಕೊಳ್ರಿ” ಅಂದ್ರು. ನಾ ಅಲ್ಲೇ ನಿಂತಿದ್ದೆ. ನನ್ನ ಅವ್ವ, ನನ್ನ ದವಾಖಾನಿ. ಸಾಹೇಬ್ರು ನನ್ನ ಕಡೆ ಹೊರಳಿ ಸುದ್ದಾ ನೋಡಲಿಲ್ಲ.

ರೀತಿ ಹಿಂಗಿತ್ತು. ಕರೀದರ ಬದಲಿ ಅಫೀಮಿನ ಟಿಂಚರು ಹಾಕಿದ ಕಹಿ ಔಷಧ, ವಾರಕ್ಕೊಂದು ಬಾಟ್ಲಿ. ಪಟ್ಟಿ ಅದೇ, ಕಚ್ಚು ಅವೇ. ಒಳಗಿನ ಟಿಂಚರು ಮಾತ್ರ ವಾರ ವಾರ ಕಡಿಮಿ. ಬಣ್ಣ ತಿಳಿ ಆಗಬಾರದು ಅಂತ ಸುಟ್ಟ ಬೆಲ್ಲದ ನೀರು ಹಾಕೂದು. ಕೂಡಸಾಂವ ನಾನು, ಕುಡಸಾಕಿ ಆಕಿ. ಮುಂಜಾನಿ ಸಂಜಿ ನಮ್ಮ ಮನಿಗೆ ಬಂದು, ಎದುರಿಗೆ ಕುಂತು, ಒಂದು ಕಚ್ಚು ಕುಡಿಸಿ ಹೋಗತಿದ್ಲು. ಮೊದಲನೇ ದಿನಾನ ನನಗ ಹೇಳಿದ್ಲು: “ಕಂಪೌಂಡರ್ ಸಾಹೇಬ್ರ, ಔಷಧ ಕಡಿಮಿ ಆಕ್ಕೋತ ಹೋಗತೈತಿ ಅಂತ ಅವ್ವಾರಿಗೆ ಗೊತ್ತೈತಿ. ಎಷ್ಟು ಉಳದೈತಿ ಅಂತ ಮಾತ್ರ ನೀವ ಹೇಳಬ್ಯಾಡ್ರಿ. ಅವರೂ ಕೇಳಂಗಿಲ್ಲ ಅಂದಾರ. ನಮ್ಮಿಬ್ಬರದು ಮಾತಾಗೈತಿ.”

ನಮ್ಮಿಬ್ಬರದಂತ! ಬಂದು ಎಂಟು ದಿನ ಆಗಿಲ್ಲ, ನನ್ನ ಅವ್ವಂದು ಆಕಿದು ಮಾತಾಗಿತ್ತು.

ಮೊದಮೊದಲ ಅವ್ವಗ ಭಾಳ ತ್ರಾಸಾತು. ಒಂದೇ ಸಮನ ಆಕಳಿಕಿ, ಕಣ್ಣಾಗ ಮೂಗಿನ್ಯಾಗ ನೀರು, ಮೊಣಕಾಲು ಸೆಳತ. ನರ್ಸಬಾಯಿ ಬೈಯಲಿಲ್ಲ, ಆಣಿ ಮಾಡಸಲಿಲ್ಲ. ಕಾಲು ತಿಕ್ಕಿದ್ಲು. ಗಂಜಿಗೆ ಉಪ್ಪು ಹಾಕಿ ಗುಟುಕು ಗುಟುಕು ಕುಡಿಸಿದ್ಲು. “ಇವತ್ತ ನಿನ್ನಿಗಿಂತ ಹೆಚ್ಚೋ ಕಡಿಮ್ಯೋ?” ಅಂತ ಕೇಳಿ, ಅವ್ವ ಹೇಳಿದ್ದನ್ನ ತನ್ನ ವಹಿಯಾಗ ಬರಕೊಂಡ್ಲು. ಒಂದಿನ ಅವ್ವ ತಡಕೊಳ್ಳಾಕ ಆಗದ ಓಣಿಯಾಗ ಯಾರ ಕಡೆನೋ ಒಂದು ಚೂರು ಇಸಕೊಂಡು ತಿಂದ್ಲು. ತಿಂದು, ಸಂಜಿಗೆ ತಾನಾಗೇ ಆಕಿ ಮುಂದ ಒಪ್ಪಿಕೊಂಡ್ಲು. ನಾ ಆಗಿದ್ರ ಓಣಿ ಕೂಡಸತಿದ್ದೆ. ಆಕಿ ಏನಂದ್ಲು ಗೊತ್ತೇನು? “ಹೇಳಿದ್ರಲ್ಲ, ಛಲೋ ಆತು. ನಾಳಿ ಹಂಗ ಅನಸಿದ್ರ ತಿನ್ನೂಕ್ಕಿಂತ ಮೊದಲ ಹೇಳಿ ಕಳಸ್ರಿ, ಬರ್ತೇನಿ.” ಅವ್ವ ಆಮ್ಯಾಲ ಕದ್ದು ತಿನ್ನಲಿಲ್ಲ.

ಬ್ಯಾಸಿಗಿ ಕಳಿಯೂದ್ರೊಳಗ ಅವ್ವನ ಮಾರಿ ಬ್ಯಾರೇನ ಆತು. ರೊಟ್ಟಿ ಬೇಡಿ ಉಣ್ಣತಿದ್ಲು. ಕಟ್ಟಿ ಮ್ಯಾಲ ಕುಂತು ಹೋಗವ್ರು ಬರವ್ರನ್ನ ಮಾತಾಡಸತಿದ್ಲು. ಮಗನಾದಾಂವ ಕುಣದಾಡಬೇಕಿತ್ತು. ಖುಷಿ ಆಗಿತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಆ ಖುಷಿ ಬಾಯಾಗ ಇಟ್ಟಕೂಡಲೇ ಕಹಿ ಹತ್ತತಿತ್ತು.

ನರ್ಸಬಾಯಿ ಬರೂ ಹೊತ್ತಿಗೆ ಅವ್ವ ತಲಿ ಬಾಚಿಕೊಂಡು ಕುಂದ್ರತಿದ್ಲು. ಬಿಸಿ ರೊಟ್ಟಿ, ಮ್ಯಾಲ ಬೆಣ್ಣಿ, ಆಕಿಗೆ. ದವಾಖಾನಿಯಿಂದ ದಣದು ಬಂದ ಮಗಗ “ಬುಟ್ಟ್ಯಾಗ ಅದಾವ ನೋಡು.” ಆಕಿ ಕೆಮ್ಮಿದ್ರ “ಏನಾತವ್ವ ನನ್ನ ಮಗಳಿಗೆ?” ನಾ ಎಂಟು ದಿನ ಕೆಮ್ಮಿದ್ರೂ “ಹೊರಗ ಹೋಗಿ ಕೆಮ್ಮಪಾ.” ಇಬ್ಬರೂ ತಲಿಗೆ ತಲಿ ಹಚ್ಚಿ ಸಣ್ಣ ದನಿಲೆ ಮಾತಾಡತಿದ್ರು, ನಾ ಹೊಸ್ತಲಾ ದಾಟಿದಕೂಡಲೇ ಗಪ್. “ಏನ ಮಾತಾಡತಿದ್ರಿ?” ಅಂದ್ರ ಅವ್ವ, “ಏನಿಲ್ಲ ತಮ್ಮಾ, ಹೆಣ್ಣಮಕ್ಕಳ ಮಾತು” ಅನ್ನಾಕಿ. ಮೂವತ್ತೈದು ವರ್ಷ ನನ್ನ ಕೂಡ ಆಡದ ಮಾತು ಎಲ್ಲಿ ಇಟ್ಟಿದ್ಲು ಈಕಿ ಅಂತ ನನಗ ಮೈ ಉರೀತಿತ್ತು.

ತಡೀಲಾರದ ಒಂದಿನ ದವಾಖಾನ್ಯಾಗ ಕೇಳೇಬಿಟ್ಟೆ: “ಬಾಯಾರ, ನಮ್ಮವ್ವ ನಿಮಗೇನ ಹೇಳತಾಳ?”

“ಅದನ್ನ ಅವ್ವಾರನ್ನ ಕೇಳ್ರಿ. ರೋಗಿ ಹೇಳಿದ್ದನ್ನ ನಾ ಹೊರಗ ಹೇಳಂಗಿಲ್ಲರಿ.”

“ನಾ ಹೊರಗಿನಾಂವೇನು?”

ಆಕಿ ಸೂಜಿ ಕುದಿಸೂ ಪಾತ್ರಿ ಎತಗೊಂಡು ಒಳಗ ಹೋದ್ಲು. ಮನಿಗೆ ಬಂದು ಹೇಣ್ತಿ ಮುಂದ ಹಾರಾಡಿದೆ. ಆಕಿ ರೊಟ್ಟಿ ಬಡಿಯೂದು ನಿಲ್ಲಿಸಿ ನಕ್ಕು ನಕ್ಕು ಸೆರಗಿಲೆ ಕಣ್ಣ ಒರಸಿಕೊಂಡ್ಲು. “ಅತ್ತಿ ಇನ್ನೊಬ್ಬಾಕಿನ್ನ ಹಚ್ಚಿಕೊಂಡ್ರ ಸೊಸಿ ಉರೀಬೇಕು. ಇಲ್ಲೆ ನಾ ತಣ್ಣಗದೇನಿ, ನೀವ ಉರಿಯಾಕತ್ತೀರಲ್ರಿ” ಅಂದ್ಲು. ಆವತ್ತ ನಾ ಉಣ್ಣಲಿಲ್ಲ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದ್ರ ಹೆಣ್ಣಮಕ್ಕಳ ಹಬ್ಬ. ಕೊಟ್ಟ ಮಗಳು ತೌರಮನಿಗೆ ಬಂದು, ಜೋಕಾಲಿ ಆಡಿ, ಉಂಡಿ ತಿಂದು, ಉಡಿ ತುಂಬಿಸಿಕೊಂಡು ಹೋಗತಾಳ. ನಮ್ಮ ಮನ್ಯಾಗ ಮಗಳಿಲ್ಲ, ನಾ ಒಬ್ಬನೇ ಮಗ. ಅವ್ವ ಎಂದೂ ಪಂಚಮಿ ಜೋರ ಮಾಡಿದಾಕಿ ಅಲ್ಲ, ಆವತ್ತ ಗೋಡಿ ಕಡೆ ಮಾರಿ ಮಾಡಿ ಮಲಗತಿದ್ಲು. ಆ ವರ್ಷ ತಾನ ಎದ್ದು ಶೇಂಗಾ ಉಂಡಿ, ಎಳ್ಳ ಉಂಡಿ ಕಟ್ಟಿಸಿದ್ಲು. ನರ್ಸಬಾಯಿಗೆ ಹೇಳಿ ಕಳಿಸಿದ್ಲು. ಉಂಡ ಮ್ಯಾಲ ನನ್ನ ಹೇಣ್ತಿನ್ನ ಕರದು, “ಈಕಿ ಉಡಿ ತುಂಬವಾ” ಅಂದ್ಲು.

ಗಂಡಿಲ್ಲದಾಕಿಗೆ ಉಡಿ ತುಂಬಂಗಿಲ್ಲ, ಎಲ್ಲಾರಿಗೂ ಗೊತ್ತಿದ್ದದ್ದು. ನರ್ಸಬಾಯಿ ಎರಡು ಹೆಜ್ಜಿ ಹಿಂದ ಸರದು, “ಬ್ಯಾಡ ಅವ್ವಾರ, ನನಗ ನಡಿಯಂಗಿಲ್ಲ” ಅಂದ್ಲು. ಅವ್ವ ಬಿಡಲಿಲ್ಲ. “ಮಗಳು ಮಗಳ. ತುಂಬ ಅಂದ್ನೆಲ್ಲ” ಅಂತ ಗದರಿಸಿದ್ಲು. ಹೇಣ್ತಿ ಅಕ್ಕಿ, ಕೊಬ್ಬರಿ ಬಟ್ಟಲಾ, ಉತ್ತತ್ತಿ, ಕುಬಸದ ಕಣಾ ತಂದು ಆ ಬಿಳಿ ಸೀರಿ ಉಡಿಯಾಗ ಹಾಕಿದ್ಲು. ನರ್ಸಬಾಯಿ ಅಳಾಕತ್ತಿದ್ಲು. ಅವ್ವ ಆಕಿ ಗದ್ದ ಹಿಡದು, “ಸತ್ತ ಜೀವಾ ಎಬಿಸಿದಿ ನನ್ನವ್ವಾ. ನನಗ ಇರಾಕಿ ನೀ ಒಬ್ಬಾಕೆ” ಅಂದ್ಲು.

ನೀ ಒಬ್ಬಾಕೆ! ಹಂಗಾದ್ರ ನಾ ಯಾರು? “ಏನ ಎಬಿಸ್ಯಾಳಬೇ ಆಕಿ?” ಅಂತ ಒದರಿದೆ. “ಔಷಧ ಕೂಡಸಾಂವ ನಾನು. ಆ ಬಾಟ್ಲ್ಯಾಗ ಏನೈತಿ ಕೇಳಿಯೇನು? ಬೆಲ್ಲದ ನೀರು! ಆರೇಳು ಹನಿ ಬಿಟ್ರ ಬರೇ ಬೆಲ್ಲದ ನೀರು ಕುಡ್ಯಾಕತ್ತಿ. ಅದಕ್ಕ ಆಕಿ ಕಾಲಾಗ ಬಿದ್ದಿ!”

ಅವ್ವ ನನ್ನ ನೋಡಲಿಲ್ಲ. ಬಾಟ್ಲಿ ಇಟ್ಟಿದ್ದ ಮಾಡದ ಕಡೆ ನೋಡಿದ್ಲು. ನರ್ಸಬಾಯಿ ಉಡಿ ಗಂಟಹಾಕ್ಕೊಂಡು ಅವ್ವನ ಬಾಜೂಕ ಕುಂತು, “ಬೆಲ್ಲದ ನೀರಿನ ಮ್ಯಾಲೇ ಇಷ್ಟು ಗಟ್ಟಿ ಆಗೀರಿ ಅಂದ್ರ ಅದು ನಿಮ್ಮ ಕಸುವು ಅವ್ವಾರ” ಅಂತ ಭಾಳ ಹೊತ್ತು ಹೇಳಿದ್ಲು. ಅವ್ವಗ ಕೇಳಿಸಿರಲಿಕ್ಕಿಲ್ಲ.

ಮರುದಿನದಿಂದ ಹಳೇ ತ್ರಾಸೆಲ್ಲಾ ತಿರುಗಿ ಬಂತು. ಆಕಳಿಕಿ, ಸೆಳತ. ಮೈಯಾಗಿಂದು ಅರ್ಧಾ, ನಾ ಮನಸಿನ್ಯಾಗ ಹಾಕಿದ್ದು ಅರ್ಧಾ. ಮೂರನೇ ದಿನ ಡಾಕ್ಟರ್ ಸಾಹೇಬ್ರು ಸಿಂದಗಿಗೆ ಹೋಗಿದ್ರು, ನರ್ಸಬಾಯಿ ಒಂದು ಬಾಣಂತಿ ಕಡೆ ಹೋಗಿದ್ಲು. ನಾ ಉಣ್ಣಾಕ ಮನಿಗೆ ಬಂದೆ. ಅವ್ವ ನೆಲದ ಮ್ಯಾಲ ಮುದ್ದಿಯಾಗಿ ಬಿದ್ದಿದ್ಲು. ನನ್ನ ಕಾಲು ಹಿಡದು, “ತಮ್ಮಾ, ನೀನರೆ ಒಂದೀಟು ಕೊಡೋ” ಅಂದ್ಲು.

ನೀನರೆ ಅಂದ್ಲು. ಜೀವಮಾನದಾಗ ಮೊದಲನೇ ಸಲ ನನ್ನ ಕೈ ಬೇಡಿದ್ಲು. ದವಾಖಾನಿಗೆ ಓಡಿದೆ. ವಿಷದ ಔಷಧ ಇಡೂ ಕಪಾಟಿನ ಕೀಲಿ ನನ್ನ ಉಡದಾರದಾಗೇ ಇರತಿತ್ತು. ಟಿಂಚರಿನ ಬಾಟ್ಲಿ ಮನಿಗೇ ಹೊತಗೊಂಡು ಬಂದೆ. ಅಳತಿ ಗ್ಲಾಸು ತರಲಿಲ್ಲ. ಬಟ್ಟಲದಾಗ ಬಗ್ಗಿಸಿದೆ, ಮತ್ತ ಒಂದೀಟು ಬಗ್ಗಿಸಿದೆ, ನನ್ನ ಅವ್ವ ಅಲ್ಲೇನು. ಅವ್ವ ಗಟಗಟ ಕುಡದು, ನನ್ನ ಗಲ್ಲಾ ಸವರಿ, “ನನ್ನ ಮಗಾ” ಅಂದ್ಲು. ಸುಳ್ಳ್ಯಾಕ ಹೇಳಲಿ, ಆ ಗಳಿಗ್ಯಾಗ ನನಗ ಆದಷ್ಟು ಹಿಗ್ಗು ನನ್ನ ಮಕ್ಕಳು ಹುಟ್ಟಿದಾಗೂ ಆಗಿದ್ದಿಲ್ಲ. ಬರಲಿ ಈಗ ಆ ನರ್ಸಬಾಯಿ, ನೋಡಲಿ ಅನಕೊಂಡೆ.

ಅರ್ಧಾ ತಾಸಿಗೆ ಅವ್ವ ಗೊರಕಿ ಹೊಡ್ಯಾಕತ್ತಿದ್ಲು. ನಿದ್ದಿ ಬಂತು ಅನಕೊಂಡೆ. ಗೊರಕಿ ಗೊರಕಿಗೆ ನಡುವ ಅಂತರ ಹೆಚ್ಚಾಕ್ಕೋತ ಹೋತು. ಕರದ್ರ ಓ ಅನ್ನಲಿಲ್ಲ. ರೆಪ್ಪಿ ಎತ್ತಿ ನೋಡಿದ್ರ ಕಣ್ಣಿನ ಪಾಪಿ ಸೂಜಿ ಮೊನಿಯಷ್ಟಾಗಿತ್ತು. ಆರು ತಿಂಗಳಿಂದ ಇಳಿಸಿ ಇಳಿಸಿ ತಂದ ಮೈ ಅದು, ಹಳೇ ಅಳತಿ ತಡಿಯಂಗಿಲ್ಲ ಅಂತ ನನಗ ಗೊತ್ತಿರಬೇಕಿತ್ತು. ಗೊತ್ತಿತ್ತು.

ಹೇಣ್ತಿ ಓಡಿಹೋಗಿ ನರ್ಸಬಾಯಿನ್ನ ಕರಕೊಂಡು ಬಂದ್ಲು. ನರ್ಸಬಾಯಿ ಕೈಯಾಗ ಬಾಣಂತಿ ಮನಿ ಎಣ್ಣಿ ಇನ್ನೂ ಹಂಗೇ ಇತ್ತು. ಬಟ್ಟಲಾ ಮೂಸಿ ನೋಡಿದ್ಲು. ಉಪ್ಪ ನೀರು ಹಾಕಿ ವಾಂತಿ ಮಾಡಿಸಿದ್ಲು, ಕರೇ ಚಹಾ ಕಾಸಿಸಿ ಚಮಚಲೆ ಇಳಿಸಿದ್ಲು. ಆಮ್ಯಾಲ ಅವ್ವನ ಒಂದು ಕೈ ತನ್ನ ಹೆಗಲ ಮ್ಯಾಲ ಹಾಕ್ಕೊಂಡು, “ಆ ಕಡೆ ನೀವ ಹಿಡೀರಿ, ನಿಲ್ಲಸಬ್ಯಾಡ್ರಿ” ಅಂದ್ಲು. ಅಂಗಳದಾಗ ನಡಸೇ ನಡಸಿದ್ವಿ. ಅವ್ವ ಜೋಲಿ ಹೊಡದ್ರ ನರ್ಸಬಾಯಿ ನೀರಾಗ ಅದ್ದಿದ ಅರಬಿಲೆ ಮಾರಿಗೆ ಹೊಡೀತಿದ್ಲು. “ನಡೀರಿ ಅವ್ವಾರ, ನಡೀರಿ, ಮಲಗಬ್ಯಾಡ್ರಿ.” ನಡಕೋತ ನಡಕೋತ ಅವ್ವನ ತಲಿ ಮ್ಯಾಲಿಂದ ನನ್ನ ಕೇಳಿದ್ಲು: “ಎಷ್ಟು ಹಾಕಿದ್ರಿ?”

“ಅಂದಾಜಿಲೆ” ಅಂದೆ.

ಆಕಿ ಅವ್ವನ ಕೈ ಹೆಗಲ ಮ್ಯಾಲ ಸರಿ ಮಾಡಿಕೊಂಡ್ಲು. ಬೈದಿದ್ರ ಛಲೋ ಇತ್ತು. ಮಧ್ಯಾಹ್ನದಿಂದ ಹೊತ್ತು ಮುಣಗೂತನಕ ನಡಸಿದ್ವಿ. ದನಾ ಮನಿಗೆ ಬರೂ ಹೊತ್ತಿನ್ಯಾಗ ಅವ್ವ ಕಣ್ಣ ಬಿಟ್ಟು, “ಕಾಲು ನೋವಾದವು, ಬಿಡ್ರೇ” ಅಂದ್ಲು. ನರ್ಸಬಾಯಿ ಅಲ್ಲೇ ಮಣ್ಣಾಗ ಕುಂತುಬಿಟ್ಲು. ಆಮ್ಯಾಲ ನನ್ನ ಕಡೆ ಕೈ ಚಾಚಿ ಕಪಾಟಿನ ಕೀಲಿ ಕೇಳಿದ್ಲು, ಕೊಟ್ಟೆ. ಸಾಹೇಬ್ರಿಗೆ ಏನ ಹೇಳಿದ್ಲೋ, ವಹಿಯಾಗ ಏನ ಬರದ್ಲೋ ಗೊತ್ತಿಲ್ಲ. ನನ್ನ ನೌಕರಿ ಉಳೀತು. ಕೀಲಿ ಮಾತ್ರ ಆಕಿ ಇರೂತನಕ ನನಗ ತಿರುಗಿ ಸಿಗಲಿಲ್ಲ.

ನರ್ಸಬಾಯಿ ಮತ್ತ ಮೊದಲಿಂದ ಶುರು ಮಾಡಿದ್ಲು. ಸಂಕ್ರಾಂತಿ ಹೊತ್ತಿಗೆ ಬಾಟ್ಲ್ಯಾಗ ಬರೇ ಬೆಲ್ಲದ ನೀರು, ಅವ್ವಗೂ ಗೊತ್ತು, ನಕ್ಕೋತ ಕುಡದ್ಲು. ಅಂಗಡಿ ಬಂದ್ ಆದ ದಿನ ಅವ್ವ ಚೀಟಿ ಒಲಿಗೆ ಹಾಕಿದ್ಲು. ಯುಗಾದಿ ಆದ ಮ್ಯಾಲ ನರ್ಸಬಾಯಿಗೆ ಮುದ್ದೇಬಿಹಾಳಕ್ಕ ವರ್ಗಾ ಆತು. ಅವ್ವ ಮೋಟಾರ ಸ್ಟ್ಯಾಂಡಿನತನಕ ನಡಕೊಂಡು ಬಂದು, ಮೋಟಾರ ಕಣ್ಣಿಗೆ ಮರಿ ಆಗೂತನಕ ನಿಂತು ಅತ್ಲು. ನನಗ ಖುಷಿ ಆಗಿತ್ತು. ಇಷ್ಟೆಲ್ಲಾ ಆದ ಮ್ಯಾಲೂ ಖುಷಿ ಆಗಿತ್ತು, ನೋಡ್ರಿ ನನ್ನ ಗುಣಾ.

ಮನಿಗೆ ಬಂದ ಮ್ಯಾಲೂ ಅವ್ವನ ಅಳೂದು ನಿಲ್ಲಲಿಲ್ಲ. ನನಗ ಸಿಟ್ಟು ತಡೀಲಿಲ್ಲ. “ನಾ ಸತ್ರ ಇಷ್ಟು ಅಳತಿಯೋ ಇಲ್ಲೋ” ಅಂದೆ. “ಹುಟ್ಟಿದಾಗಿಂದ ಬಾಜೂಕ ಅದೇನಿ, ನನ್ನ ಕೈಯಿಂದ ಒಂದು ಗುಳಿಗಿ ತಗೊಳ್ಳಲಿಲ್ಲ. ಆಕಿ ಕೈಯಾಗ ಹಂತಾದ್ದೇನಿತ್ತಬೇ?”

“ಆಕಿ ಅಳದು ಹಾಕತಿದ್ಲು.”

“ನಾನೂ ಅಳೀತೇನಿ. ಊರೆಲ್ಲಾ ಅಂತೈತಿ.”

“ಊರಿಗೆ ಅಳೀತಿ” ಅಂದ್ಲು ಅವ್ವ. ಮೂಗು ಒರಸಿಕೊಂಡ್ಲು. ಆಮ್ಯಾಲ, ಇವತ್ತ ಏನ ಪಲ್ಯಾ ಅನ್ನೂವಂಥಾ ದನಿಲೆ, “ನಿನಗಿಂತ ಮೊದಲ ನನಗೊಂದು ಹೆಣ್ಣಕೂಸಿತ್ತು” ಅಂದ್ಲು.

ಅವ್ವ ಹೇಳಿಕೋತ ಹೋದ್ಲು.

“ಸುಗ್ಗಿ ಇತ್ತು, ಜ್ವಾಳಾ ಕೊಯ್ಯಾಕ ಹೋಗತಿದ್ದೆ. ಆವಾಗ ಎಲ್ಲಾರೂ ಕೂಸುಗಳಿಗೆ ಕೈಬಟ್ಟಿಲೆ ಒಂದೀಟು ಕರೀದು ನೆಕ್ಕಿಸಿ ಗಿಡದ ನೆರಳಿಗೆ ಮಲಗಸವ್ರು. ನಾನೂ ನೆಕ್ಕಸತಿದ್ದೆ. ಅವತ್ತ ಬಿಸಲು ಭಾಳಿತ್ತು, ಕೂಸು ಮುಂಜಾನಿಂದ ಅಳತಿತ್ತು. ನನ್ನ ಕೂಸು ಇನ್ನೊಂದು ತಾಸು ಸುಖಲೆ ಮಲಗಲಿ ಅಂದೆ. ಮಧ್ಯಾಹ್ನ ಹಾಲ ಕುಡಸಾಕ ಹೋದ್ರ ಏಳಲಿಲ್ಲ. ಡಬ್ಬ್ಯಾಗ ಉಳದದ್ದನ್ನ ನಾ ತಿಂದೆ. ಅದರ ಹಿಂದ ಹೋಗಬೇಕಂತ ತಿಂದೆ. ಹೋಗಲಿಲ್ಲ, ನಿದ್ದಿ ಬಂತು. ಮರುದಿನಾ ತಿಂದೆ.”

“ಇದನ್ನ ಆಕಿಗೆ ಹೇಳಿದ್ದಿಯೇನು?”

“ಯಾವಾಗಿಂದ ತಿಂತೀರಿ, ಯಾಕ ತಿಂತೀರಿ ಅಂತ ಬಂದ ದಿನಾನ ಕೇಳಿದ್ಲು. ಹೇಳಿದೆ.”

ನಾ ಎಂದೂ ಕೇಳಿದ್ದಿಲ್ಲ. ಆಗರೆ ಸುಮ್ಮ ಇರಬೇಕಿತ್ತು. ಕಂಪೌಂಡರನ ಬಾಯಿ, ಸುಮ್ಮ ಇರಲಿಲ್ಲ. “ಅವತ್ತ ಎಷ್ಟು ಹಾಕಿದ್ದಿಬೇ?” ಅಂದೆ.

ಅವ್ವ ತನ್ನ ಕೈಬಟ್ಟು ನೋಡಿಕೊಂಡ್ಲು.

“ಅಂದಾಜಿಲೆ, ತಮ್ಮಾ” ಅಂದ್ಲು. “ನಿನ್ನಂಗೇ.”